ಎಡಗಲ್ಲದ ಮೇಣ

ಚಿಕ್ಕವಳಿದ್ದಾಗ ನನ್ನ ಎಡಗಲ್ಲದಲ್ಲಿ ಒಂದು ಕುಳಿ ಇತ್ತು. ನಕ್ಕಾಗ ಬೀಳುವಂಥ ಕುಳಿಯಲ್ಲ, ಹೆಬ್ಬೆಟ್ಟಿನ ತುದಿ ಕೂಡುವಷ್ಟು ಆಳದ ತಗ್ಗು. ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ ದವಡೆಹಲ್ಲಿನ ಬೇರು ಕೊಳೆತು, ಕೀವು ಗಲ್ಲ ಒಡೆದುಕೊಂಡು ಹೊರಗೆ ಬಂದಿತ್ತಂತೆ. ಹುಣ್ಣು ಮಾಯಿತು. ಅಲ್ಲಿದ್ದ ಮಾಂಸ ಮಾತ್ರ ತಿರುಗಿ ಬರಲಿಲ್ಲ. ಚರ್ಮ ಎಲುಬಿಗೆ ಅಂಟಿ ಒಳಗೆ ಎಳೆದುಕೊಂಡಿತು. ನನಗೆ ಅದರಿಂದ ನೋವಿರಲಿಲ್ಲ, ಉಣ್ಣಲಿಕ್ಕೆ ಮಾತಾಡಲಿಕ್ಕೆ ಅಡ್ಡಿಯೂ ಇರಲಿಲ್ಲ. ಅಡ್ಡಿಯಾದದ್ದು ನೋಡುವವರಿಗೆ.

ನಮ್ಮ ಮನೆ ಶಹಾಬಾದದಲ್ಲಿತ್ತು. ಅಪ್ಪ ಕಲ್ಲಿನ ಗಣಿಯೊಂದರಲ್ಲಿ ಗುಮಾಸ್ತ. ಒಡೆದು ತೆಗೆದ ಫರಸಿ ಹಾಸುಗಲ್ಲುಗಳನ್ನು ಅಳೆದು ರೈಲಿನ ಡಬ್ಬಿಗೆ ಹೇರಿಸುವುದು ಅವನ ಕೆಲಸ. ಮನೆಯ ನೆಲ, ಗೋಡೆ, ಮಾಳಿಗೆ ಎಲ್ಲವೂ ಅದೇ ಕಲ್ಲು. ಊರಿನ ಶಾಲೆ ಉರ್ದು ಶಾಲೆ. ಕನ್ನಡದ ಅಕ್ಷರಗಳನ್ನು ಅಪ್ಪ ಸಂಜೆ ಮನೆಯ ನೆಲದ ಮೇಲೆಯೇ ಸುಣ್ಣದ ಕಡ್ಡಿಯಿಂದ ಬರೆದು ಕಲಿಸಿದ. ಒರೆಸಿ ಮತ್ತೆ ಬರೆಯುತ್ತಿದ್ದೆ. ಓದು ನನಗೆ ಹತ್ತಿತು. ಆದರೆ ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳ ಓದಿನ ಮಾತು ಮದುವೆಯ ಮಾತು ಬಂದ ಕೂಡಲೇ ನಿಲ್ಲುತ್ತಿತ್ತು.

ನನ್ನನ್ನು ನೋಡಲು ಬಂದ ಮೊದಲ ಮನೆಯವರು ದಂಡೋತಿಯವರು. ಅವ್ವ ನನ್ನನ್ನು ಬಾಗಿಲಿನ ಬಲಕ್ಕೆ, ಎಡಗಲ್ಲ ಗೋಡೆಯ ಕಡೆಗೆ ಬರುವ ಹಾಗೆ ಕೂಡಿಸಿದ್ದಳು. ಬಂದ ಹೆಂಗಸೊಬ್ಬಳು ನೀರು ಬೇಕೆಂದು ಕೇಳಿದಳು. ನಾನು ಏಳಬೇಕಾಯಿತು, ತಿರುಗಬೇಕಾಯಿತು. ಆಮೇಲೆ ಅವರು ಬಹಳ ಹೊತ್ತು ಕೂಡಲಿಲ್ಲ. ಚಿತ್ತಾಪುರದ ಕಡೆಯವರು ಬಂದರು, ಅವರೂ ಹಾಗೆಯೇ ಹೋದರು. ಒಬ್ಬರು ಅಪ್ಪನಿಗೆ ನೇರವಾಗಿಯೇ ಹೇಳಿದರು: “ಹುಡುಗಿ ಭಾಳ ಚಲೋ ಅದಾಳ್ರಿ. ಖರೆ, ಮುಖದಾಗ ಊನ ಅದ. ನಮ್ಮ ಮನ್ಯಾಗ ಹಿರ್ಯಾರು ಒಪ್ಪಂಗಿಲ್ಲ.”

ಅವರ ಮೇಲೆ ನನಗೆ ಸಿಟ್ಟು ಬಂದ ನೆನಪಿಲ್ಲ. ಅವ್ವ ಆ ದಿನ ಅಡಿಗೆ ಮಾಡದೆ ಮಲಗಿದ್ದಳು. ಅದು ನೆನಪಿದೆ.

ಪೊಲೀಸ್ ಆ್ಯಕ್ಷನ್ನಿನಲ್ಲಿ ನಿಜಾಮನ ಆಳ್ವಿಕೆ ಮುಗಿದು, ರಜಾಕಾರರ ಹೆದರಿಕೆ ಹೋಗಿ, ಜನ ಮತ್ತೆ ಊರಿಂದೂರಿಗೆ ಧೈರ್ಯವಾಗಿ ಓಡಾಡತೊಡಗಿದ ಕಾಲ ಅದು. ಅವ್ವನ ತಮ್ಮ, ನಮ್ಮ ಮಾಮಾ, ವಾಡಿ ಜಂಕ್ಷನ್ನಿನಲ್ಲಿ ರೈಲಿನ ಕೆಲಸದಲ್ಲಿದ್ದ. ಒಂದು ಭಾನುವಾರ ಬಂದವನು ಚಪ್ಪಲಿ ಬಿಡುವ ಮೊದಲೇ ಸುದ್ದಿ ಹೇಳಿದ.

“ಅಕ್ಕಾ, ಮುಂಬೈ ಕಡಿಂದ ಒಬ್ಬ ಹಲ್ಲಿನ ಡಾಕ್ಟರ್ ಬಂದಾನ. ಸ್ಟೇಶನ್ ಮುಂದ ಧರ್ಮಶಾಲಿಯಾಗ ಇಳಕೊಂಡಾನ. ಹಲ್ಲು ಕಟ್ಟತಾನ, ಕೀಳ್ತಾನ. ಗಲ್ಲದಾಗ ತಗ್ಗಿದ್ರ ಸೂಜಿ ಹಾಕಿ ತುಂಬತಾನಂತ.”

“ಏನು ತುಂಬತಾನ?” ಎಂದು ಅವ್ವ ಕೇಳಿದಳು.

“ಮೇಣ.”

ಅವ್ವ ನಂಬಲಿಲ್ಲ. ಅಪ್ಪನೂ ನಂಬಲಿಲ್ಲ. ಆದರೆ ಮುಂದಿನ ವಾರ ಮೂವರೂ ಬೆಳಗಿನ ರೈಲು ಹಿಡಿದು ವಾಡಿಗೆ ಹೋದೆವು. ಹೋಗೋಣ ಎಂದು ಹಟ ಹಿಡಿದವಳು ನಾನೇ.

ಆ ಮನುಷ್ಯನನ್ನು ಡಾಕ್ಟರ್ ಎನ್ನಬಹುದೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಮುಂಬೈಯಲ್ಲಿ ದೊಡ್ಡ ಡಾಕ್ಟರೊಬ್ಬರ ಕೈಕೆಳಗೆ ಕೆಲಸ ಕಲಿತಿದ್ದೆ ಎಂದು ಹೇಳಿಕೊಳ್ಳುತ್ತಿದ್ದ. ನಡುವಯಸ್ಸಿನವನು, ಇಸ್ತ್ರಿ ಮಾಡಿದ ಬಿಳಿ ಕೋಟು, ನೀಟಾಗಿ ಬಾಚಿದ ಕ್ರಾಪು. ಮರಾಠಿ, ಹಿಂದಿ, ಕನ್ನಡ ಮೂರನ್ನೂ ಕೂಡಿಸಿ ಮಾತಾಡುತ್ತಿದ್ದ. ಮಾತಿನಲ್ಲಿ ಮೋಸಗಾರರ ಅವಸರ ಇರಲಿಲ್ಲ. ನನ್ನ ಕುಳಿಯನ್ನು ಬೆಳಕಿಗೆ ಹಿಡಿದು ನೋಡಿದ, ಬಾಯೊಳಗೆ ಬೆರಳು ಹಾಕಿ ಒಳಗಿನಿಂದ ಒತ್ತಿ ನೋಡಿದ. ಆಮೇಲೆ ಅಪ್ಪನ ಮುಂದೆ ತನ್ನ ಮುಖ ಚಾಚಿದ.

“ನನ್ನ ಮೂಗು ಮುಟ್ಟಿ ನೋಡ್ರಿ ಸಾಹೇಬ್ರ. ಸಣ್ಣಾಂವ ಇದ್ದಾಗ ಗಿಡದ ಮ್ಯಾಲಿಂದ ಬಿದ್ದು ನಡುವ ಮುರಿದು ಚಪ್ಪಟಿ ಆಗಿತ್ತು. ಈಗ ನೋಡ್ರಿ, ಹ್ಯಾಂಗದ?”

ಅಪ್ಪ ಸಂಕೋಚದಿಂದ ಎರಡು ಬೆರಳಿನಲ್ಲಿ ಅವನ ಮೂಗು ಮುಟ್ಟಿದ. ಚೆಂದದ ಮೂಗು, ನೇರವಾಗಿತ್ತು.

“ಮುಂದ ಏನರ ಆಗ್ತದೇನ್ರಿ?” ಎಂದು ಅಪ್ಪ ಕೇಳಿದ. ಅಪ್ಪ ಆ ಪ್ರಶ್ನೆ ಕೇಳಿದ್ದ ಎಂಬುದನ್ನು ಇಲ್ಲಿ ಬರೆದಿಡಬೇಕು.

“ಏನೂ ಆಗಂಗಿಲ್ಲ. ಮೇಣ ಕೆಡಂಗಿಲ್ಲ, ಕೊಳಿಯಂಗಿಲ್ಲ. ಹಾಕಿದ್ದು ಹಾಕಿದಲ್ಲೇ ಇರ್ತದ. ಜನ್ಮಪೂರ್ತಿ.”

ಮಾಮಾ ಸ್ಟೇಶನ್ನಿನಿಂದ ಗೋಣಿತಟ್ಟಿನಲ್ಲಿ ಸುತ್ತಿ ಬರ್ಫದ ಗಡ್ಡೆ ತಂದ. ಆ ಮನುಷ್ಯ ಸ್ಟವ್ ಮೇಲೆ ಸಣ್ಣ ಬಟ್ಟಲಿನಲ್ಲಿ ಬಿಳಿಯದೊಂದನ್ನು ಕರಗಿಸಿ ದಪ್ಪ ಸೂಜಿಯ ಪಿಚಕಾರಿಗೆ ಎಳೆದುಕೊಂಡ. ನನ್ನ ತಲೆಯನ್ನು ಅವ್ವನ ತೊಡೆಯ ಮೇಲೆ ಇಡಿಸಿದ. ಸೂಜಿ ಒಳಗೆ ಹೋದಾಗ ನೋವಾಯಿತು. ಅದಕ್ಕಿಂತ ಹೆಚ್ಚು ಹೆದರಿಕೆಯಾದದ್ದು ಗಲ್ಲದೊಳಗೆ ಬಿಸಿ ಹರಡಿದಾಗ. ಚರ್ಮ ಎಲುಬಿನಿಂದ ಕಿತ್ತುಕೊಂಡು ಮೇಲೇಳುತ್ತಿರುವುದು ಗೊತ್ತಾಗುತ್ತಿತ್ತು. ಅವನು ಒಂದು ಬೆರಳನ್ನು ಬಾಯೊಳಗೆ, ಉಳಿದವನ್ನು ಹೊರಗೆ ಇಟ್ಟು ತಿದ್ದಿದ. ಬಲಗಲ್ಲ ನೋಡುತ್ತ ಎಡಗಲ್ಲ ಮಾಡಿದ. ಆಮೇಲೆ ಬರ್ಫ ಇಟ್ಟು ಗಟ್ಟಿಯಾಗುವ ತನಕ ಒತ್ತಿಹಿಡಿದ. “ನಗಬ್ಯಾಡ ಬೇಟಿ, ಅಳಬ್ಯಾಡ,” ಎನ್ನುತ್ತಿದ್ದ.

ಊತ ಇಳಿಯಲು ಕೆಲವು ದಿನ ಹಿಡಿಯಿತು. ಇಳಿದ ಮೇಲೆ ಕನ್ನಡಿಯಲ್ಲಿ ನೋಡಿದೆ. ಎರಡು ಗಲ್ಲಗಳಿದ್ದವು. ಹೆಚ್ಚೇನೂ ಹೇಳುವುದಿಲ್ಲ. ಖುಷಿಯಾಯಿತು. ತಂಬಿಗೆಯಲ್ಲಿ, ನೀರಿನ ಹಂಡೆಯಲ್ಲಿ, ಎಲ್ಲೆಲ್ಲಿ ಮುಖ ಕಾಣುತ್ತದೋ ಅಲ್ಲೆಲ್ಲ ನೋಡಿಕೊಂಡೆ. ಮುಂದೆ ಆದದ್ದು ಏನೇ ಇರಲಿ, ಆ ಖುಷಿ ಸುಳ್ಳಾಗಿರಲಿಲ್ಲ.

ಮರುವರ್ಷ ಸೇಡಂನಿಂದ ಸಂಬಂಧ ಬಂತು. ಹುಡುಗ ಶಾಲಾ ಮಾಸ್ತರ. ಉರ್ದುವಿನಲ್ಲಿ ಓದಿ ಉರ್ದುವಿನಲ್ಲಿ ಕಲಿಸುತ್ತಿದ್ದವರು, ಸರ್ಕಾರ ಬದಲಾದ ಮೇಲೆ ಕನ್ನಡದಲ್ಲಿ ಕಲಿಸಬೇಕಾಗಿ ಬಂದು ಪಾಠಗಳನ್ನು ತಾವೇ ಮತ್ತೆ ಕಲಿಯುತ್ತಿದ್ದರು. ನೋಡಲು ಬಂದಾಗ ನಾನು ಯಾವ ಕಡೆ ತಿರುಗಿ ಕೂತಿದ್ದೆನೋ ನೆನಪಿಲ್ಲ. ಆ ಲೆಕ್ಕ ಬೇಕಾಗಿರಲಿಲ್ಲ. ಒಪ್ಪಿಗೆಯಾಯಿತು.

ಮದುವೆಯಾಗಿ ಸೇಡಂಗೆ ಹೋಗುವಾಗ ವಾಡಿಯಲ್ಲಿ ರೈಲು ಬದಲಿಸಬೇಕಿತ್ತು. ಮಧ್ಯಾಹ್ನ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಿದ್ದೆವು. ಅತ್ತೆ ಮತ್ತು ಉಳಿದವರು ಸ್ವಲ್ಪ ದೂರದಲ್ಲಿ ಬುತ್ತಿ ಬಿಚ್ಚುತ್ತಿದ್ದರು. ನಾನು ಗಂಡನಿಗೆ ಹೇಳಿದೆ:

“ಇದೇ ಊರಾಗ ನನ್ನ ಗಲ್ಲ ಮಾಡಿಸ್ಯಾರ್ರಿ.”

ಅವರು ಚೇಷ್ಟೆ ಎಂದುಕೊಂಡರು. “ಯಾವ ಗಲ್ಲ?”

“ಎಡದು. ಅಲ್ಲಿ ಕುಳಿ ಇತ್ತು. ಮೇಣ ತುಂಬ್ಯಾರ.”

ಅವರು ನನ್ನ ಮುಖವನ್ನು ಸಾವಕಾಶವಾಗಿ ನೋಡಿದರು. “ನೋಯ್ತದೇನು?”

“ಇಲ್ಲ.”

“ಹಂಗಾದ್ರ ಬಿಡು,” ಎಂದರು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಹೋಗಿ ಬಾಳೆಹಣ್ಣು ತಂದರು. ಅದರ ಮಾತು ಅವರು ಮತ್ತೆ ಎತ್ತಲಿಲ್ಲ. ಅವರ ಅವ್ವನಿಗೂ ಹೇಳಲಿಲ್ಲ.

ಸೇಡಂನ ಮನೆಯಲ್ಲಿ ಅತ್ತೆಯ ಮಾತೇ ನಡೆಯುತ್ತಿತ್ತು. ಅವರ ತವರು ಚಿಂಚೋಳಿ ಕಡೆಯ ಹಳ್ಳಿ. ಸಿಟ್ಟು ಬಂದರೆ ನಡುವೆ ತೆಲುಗು ಬರುತ್ತಿತ್ತು. ಮಾವ ತೀರಿಹೋಗಿದ್ದರು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಕೊಟ್ಟಿಗೆ ನೋಡಿಕೊಂಡು, ಅತ್ತೆ ಅಡಿಗೆಮನೆಗೆ ಬರುವಷ್ಟರಲ್ಲಿ ನಾನು ರೊಟ್ಟಿಗೆ ಕೂತಿರಬೇಕು. ಒಲೆ ಎಡಕ್ಕಿತ್ತು. ರೊಟ್ಟಿ ಬಡಿಯುವ ಕಲ್ಲು ಬಲಕ್ಕಿತ್ತು. ಹೀಗಾಗಿ ತೊಗರಿಕಟ್ಟಿಗೆಯ ಉರಿ ದಿನಾ ನನ್ನ ಎಡಗಲ್ಲಕ್ಕೇ ಬಡಿಯುತ್ತಿತ್ತು.

ಎರಡನೆಯ ಬೇಸಿಗೆಯಲ್ಲಿ ನನಗೊಂದು ಗೊತ್ತಾಯಿತು. ಒಲೆಯ ಮುಂದೆ ಬಹಳ ಹೊತ್ತು ಕೂತು ಎದ್ದಾಗ ಗಲ್ಲ ಮೆತ್ತಗಾಗಿರುತ್ತಿತ್ತು. ಬೆರಳಿಟ್ಟರೆ ತಗ್ಗು ಬಿದ್ದು ನಿಧಾನವಾಗಿ ತುಂಬಿಕೊಳ್ಳುತ್ತಿತ್ತು. ತಣ್ಣೀರು ಹಾಕಿಕೊಂಡರೆ ಬಿಗಿಯುತ್ತಿತ್ತು. ಯಾರಿಗೂ ಹೇಳಲಿಲ್ಲ, ಹೇಳಲು ನೋವೇನೂ ಇರಲಿಲ್ಲ. ಮಳೆಗಾಲದ ಹೊತ್ತಿಗೆ ಗಲ್ಲದ ಮೇಲ್ಭಾಗ ಸ್ವಲ್ಪ ಬರಿದಾಗಿ, ದವಡೆಯ ಹತ್ತಿರ ತುಂಬಿಬಂದಂತೆ ಕಾಣತೊಡಗಿತು. ಅತ್ತೆಯ ಕಣ್ಣಿಗೆ ಅದು ತಪ್ಪಲಿಲ್ಲ.

“ನಿನ್ನ ಮುಖ ಯಾಕ ಒಂದ ಕಡಿ ಜಗ್ಗಿದಂಗ ಕಾಣ್ಲಿಕತ್ತದ? ಹಲ್ಲು ನೋಯ್ತದೇನು?”

“ಇಲ್ರಿ ಅತ್ತಿ.”

ಮಗ ಹುಟ್ಟಿದ. ಅವನಿಗೆ ಹಾಲು ಬಿಡಿಸುವ ಹೊತ್ತಿಗೆ ಗಲ್ಲದೊಳಗೆ ಗಟ್ಟಿ ಗಂಟುಗಳು ಕೈಗೆ ಹತ್ತತೊಡಗಿದವು. ಮೊದಲು ಹುಣಸೆಬೀಜದಷ್ಟು, ದವಡೆಯ ಅಂಚಿಗೆ. ಆಮೇಲೆ ಬಾಯಿಯ ಮೂಲೆಯ ಹತ್ತಿರ ಇನ್ನೊಂದು. ಈಗ ಉರಿಯ ಮುಂದೆಯೂ ಅವು ಮೆತ್ತಗಾಗುತ್ತಿರಲಿಲ್ಲ. ಮೇಣದಂಥ ಗಟ್ಟಿಯಲ್ಲ ಅದು, ಎಲುಬಿನಂಥದು. ಅವುಗಳ ಮೇಲಿನ ಚರ್ಮ ಕೆಂಪಾಗಿ, ಕೆಂಪು ಹೋಗಿ ನೇರಳೆಯಾಗಿ, ಕೊನೆಗೆ ಗಂಟಿಗೇ ಅಂಟಿಕೊಂಡಿತು. ನೆಗಡಿ ಜ್ವರ ಬಂದರೆ ಇಡೀ ಗಲ್ಲ ಉಬ್ಬಿ ಬಿಸಿಯಾಗುತ್ತಿತ್ತು, ಜ್ವರ ಇಳಿದರೂ ಪೂರ್ತಿ ಇಳಿಯುತ್ತಿರಲಿಲ್ಲ. ಹೊರಗೆ ಹೋಗುವಾಗ ಸೆರಗನ್ನು ಎಡಕ್ಕೆ ಎಳೆದುಕೊಳ್ಳುವುದು ರೂಢಿಯಾಯಿತು. ಕುಳಿ ಇದ್ದ ಕಾಲದಲ್ಲಿ ನಾನು ಹಾಗೆ ಮಾಡಿರಲಿಲ್ಲ.

ಸೇಡಂನಲ್ಲಿ ಒಬ್ಬ ಡಾಕ್ಟರಿದ್ದರು. ಜ್ವರಕ್ಕೆ, ಹೊಟ್ಟೆನೋವಿಗೆ ಊರೆಲ್ಲ ಅವರ ಹತ್ತಿರವೇ ಹೋಗುತ್ತಿತ್ತು. ಒಳ್ಳೆಯ ಮನುಷ್ಯರು. ಗಂಡ ಶಾಲೆಗೆ ಹೋಗಿದ್ದರಿಂದ ಅತ್ತೆಯೇ ನನ್ನನ್ನು ಕರೆದುಕೊಂಡು ಹೋದರು. ಡಾಕ್ಟರು ಗಂಟು ಒತ್ತಿ ನೋಡಿ, “ಒಳಗ ಕೀವು ಕಟ್ಟ್ಯದ. ಕೊಯ್ದು ತೆಗೀಬೇಕು,” ಎಂದರು.

ನಾನು ಹೇಳಿದೆ: “ಅಲ್ಲಿ ಮೇಣ ಹಾಕಿಸೀನ್ರಿ. ಮದಿವಿಕ್ಕಿಂತ ಮೊದಲ.”

ಡಾಕ್ಟರು ನಕ್ಕರು. “ಮೇಣ ಇನ್ನ ಎಲ್ಲಿ ಇರ್ತದ ತಾಯಿ? ಅದು ಯಾವಾಗೋ ಕರಗಿ ಹೋಗಿರ್ತದ. ಇದು ಹಲ್ಲಿನ ಕೀವು.”

ಅತ್ತೆ ಪಕ್ಕದಲ್ಲೇ ಕೂತಿದ್ದರು. ಡಾಕ್ಟರು ಕೊಯ್ದರು. ಕೀವು ಬರಲಿಲ್ಲ. ರಕ್ತ ಬಂತು, ರಕ್ತದ ಜೊತೆ ಅಕ್ಕಿನುಚ್ಚಿನಂಥ ಬಿಳಿಯ ಚೂರುಗಳು ಬಂದವು. ಅವರು ನಗು ನಿಲ್ಲಿಸಿ ಬಹಳ ಹೊತ್ತು ಆ ಚೂರುಗಳನ್ನು ಹತ್ತಿಯ ಮೇಲೆ ಇಟ್ಟುಕೊಂಡು ನೋಡಿದರು. ಗಾಯ ತೊಳೆದು ಹೊಲಿಗೆ ಹಾಕಿ ಪಟ್ಟಿ ಕಟ್ಟಿ ಕಳಿಸಿದರು.

ಮನೆಗೆ ಬಂದೆವು. ಪಡಸಾಲೆಯಲ್ಲಿ ಕೂತ ಮೇಲೆ ಅತ್ತೆ ಕೇಳಿದರು:

“ಏನಿತ್ತು ಅಲ್ಲಿ ಮೊದಲ?”

ಹೇಳಿದೆ. ಹಲ್ಲು, ಹುಣ್ಣು, ಕುಳಿ, ವಾಡಿಯ ಮನುಷ್ಯ, ಎಲ್ಲವನ್ನೂ.

“ಕುಳಿ ಇದ್ರ ಏನ್ ಆಗ್ತಿತ್ತು? ನನ್ನ ಮಗ ಕುಳಿ ನೋಡಿ ಬ್ಯಾಡ ಅಂತಿದ್ದನೇನು?”

“ಅವರು ಅಂತಿರ್ಲಿಲ್ಲೇನೋ. ನೀವು ಅಂತಿದ್ರಿ.”

ಬಾಯಿಂದ ಬಂದುಹೋಯಿತು. ಅತ್ತೆ ನನ್ನನ್ನೇ ನೋಡಿದರು. “ಹೌದು,” ಎಂದರು. “ನಾ ಅಂತಿದ್ದೆ.” ಎದ್ದು ಒಳಗೆ ಹೋದರು.

ಮರುದಿನ ಬೆಳಿಗ್ಗೆ ನಾನು ಅಡಿಗೆಮನೆಗೆ ಹೋದಾಗ ಒಲೆಯ ಮುಂದೆ ಅತ್ತೆ ಕೂತಿದ್ದರು. “ಇನ್ನ ಉರಿ ಮುಂದ ನೀ ಕೂಡಬ್ಯಾಡ. ಹಿಟ್ಟು ನಾದಿಕೊಡು, ಸಾಕು,” ಎಂದರು. ಮೊಣಕಾಲು ನೋವಿನ ಹೆಂಗಸು. ಕೂತರೆ ಏಳಲು ಗೋಡೆ ಹಿಡಿಯಬೇಕಿತ್ತು. ಆದರೂ ಅಂದಿನಿಂದ ರೊಟ್ಟಿ ಅವರೇ ಸುಟ್ಟರು. ಬೈಗುಳವೂ ಜೊತೆಗೇ ಇತ್ತು: ನನ್ನ ಅವ್ವನನ್ನು, ನನ್ನ ಮಾಮಾನನ್ನು, ವಾಡಿ ಊರನ್ನು ಕನ್ನಡ ತೆಲುಗು ಎರಡರಲ್ಲೂ ಬೈಯುತ್ತಲೇ ರೊಟ್ಟಿ ತಿರುವುತ್ತಿದ್ದರು.

ಗಾಯ ಕೂಡಲಿಲ್ಲ. ಹೊಲಿಗೆ ಬಿಟ್ಟುಕೊಂಡು ಸಣ್ಣದೊಂದು ಬಾಯಿ ಉಳಿಯಿತು. ನೀರಿನಂಥದು ಒಸರುತ್ತಿತ್ತು, ಆಗೊಮ್ಮೆ ಈಗೊಮ್ಮೆ ಬಿಳಿಯ ಚೂರು ಹೊರಗೆ ಬರುತ್ತಿತ್ತು. ಅರಿಶಿನ ಹಚ್ಚಿದರು, ಬೇವಿನೆಣ್ಣೆ ಹಚ್ಚಿದರು, ಡಾಕ್ಟರು ಹೊಸ ಇಂಜಕ್ಷನ್ ಕೊಟ್ಟರು. ಕೆಲವು ವಾರ ಮುಚ್ಚಿ ಮತ್ತೆ ಬಾಯಿ ಬಿಡುತ್ತಿತ್ತು. ನಾನು ಎತ್ತಿಕೊಂಡಾಗೆಲ್ಲ ಮಗ ಅಲ್ಲಿಗೇ ಕೈ ಹಾಕುತ್ತಿದ್ದ. ಅವನನ್ನು ಬಲಕ್ಕೆ ಎತ್ತಿಕೊಳ್ಳುವುದನ್ನು ಕಲಿತೆ.

ಹೀಗಿರುವಾಗ ನನ್ನ ತಮ್ಮನ ಮದುವೆ ನಿಶ್ಚಯವಾಯಿತು. ಶಹಾಬಾದಕ್ಕೆ ಹೊರಟೆ. ಗಂಡ, ಮಗ ಜೊತೆಗಿದ್ದರು. ವಾಡಿಯಲ್ಲಿ ಇಳಿದು ಮುಂದಿನ ರೈಲಿಗೆ ಕಾಯುತ್ತಿದ್ದಾಗ, ನಳದ ಹತ್ತಿರ ಒಬ್ಬ ಮನುಷ್ಯ ಮರದ ಪೆಟ್ಟಿಗೆ ಪಕ್ಕಕ್ಕಿಟ್ಟುಕೊಂಡು ಕೂತಿದ್ದ. ಪೆಟ್ಟಿಗೆಯ ಮೇಲೆ ಹಲ್ಲಿನ ಸಾಲಿನ ಚಿತ್ರವಿತ್ತು. ಮುಖ ನೋಡಿದೆ, ಗುರುತು ಹತ್ತಲಿಲ್ಲ. ಮೂಗಿನ ನಡುವೆ ಹಳದಿಗಟ್ಟಿದ ದೊಡ್ಡ ಗಡ್ಡೆ ಎದ್ದು ಎರಡೂ ಕಣ್ಣಿನ ಮೂಲೆಗಳಿಗೆ ಹರಡಿತ್ತು. ಒಂದು ಕಣ್ಣಿನ ರೆಪ್ಪೆ ಅರ್ಧ ಮುಚ್ಚಿಕೊಂಡಿತ್ತು. ನೀರು ಕುಡಿದು ತಲೆ ಎತ್ತಿದವನು ನನ್ನ ಗಲ್ಲ ನೋಡಿ ಎದ್ದುನಿಂತ. ನನ್ನನ್ನು ಅವನು ಗುರುತಿಸಲಿಲ್ಲ. ತನ್ನ ಕೆಲಸವನ್ನು ಗುರುತಿಸಿದ.

“ಇಲ್ಲೇ ಹಾಕಿಸಿದ್ರೇನ್ರಿ? ಧರ್ಮಶಾಲಿಯಾಗ?”

“ಹೌದು,” ಎಂದೆ.

ಗಂಡ ಮುಂದೆ ಬಂದರು. ಅವರ ಕೈ ಮುಷ್ಟಿಯಾದದ್ದು ಕಂಡಿತು. ಆ ಮನುಷ್ಯನ ಮುಖವನ್ನು ಹತ್ತಿರದಿಂದ ನೋಡಿದ ಮೇಲೆ ಅದು ಸಡಿಲಾಯಿತು.

“ಯಾವಾಗ ಗಟ್ಟಿ ಆಗ್ಲಿಕ್ಕೆ ಸುರು ಆತು?” ಎಂದು ಅವನು ನನ್ನನ್ನು ಕೇಳಿದ.

“ಕೂಸು ಹುಟ್ಟಿದ ಮ್ಯಾಲ.”

“ನಂದು ಅದಕ್ಕಿಂತ ಮೊದಲ ಸುರು ಆಗಿತ್ತು. ತಂಡಿ ಹವಾಕ್ಕ ಅಂತ ತಿಳಕೊಂಡೆ.” ಆಮೇಲೆ ಹೇಳಿದ: “ನೋಡ್ರಿ ಬಾಯಾರ, ಸಣ್ಣ ಡಾಕ್ಟರ ಕಡಿ ಕೊಯ್ಯಿಸಬ್ಯಾಡ್ರಿ. ನಾ ಕೊಯ್ಯಿಸಿಕೊಂಡು ಕಣ್ಣಿಗಿ ತಂದುಕೊಂಡೆ. ಹೈದರಾಬಾದಿನ ದೊಡ್ಡ ದವಾಖಾನಿಗಿ ಹೋಗ್ರಿ. ಏನ್ ಹಾಕ್ಯಾರ ಅಂತ ಕೇಳ್ತಾರ. ಬರೇ ಮೇಣ ಅಲ್ಲ, ಪ್ಯಾರಾಫಿನ್ ಅನ್ನೋ ಮೇಣಕ್ಕ ವ್ಯಾಸಲೀನ್ ಕೂಡಿಸಿ ಹಾಕ್ಯಾರ ಅಂತ ಹೇಳ್ರಿ. ಅದು ಕರಗಿ ಹೋಗಂಗಿಲ್ಲ ಅಂತ ಹೇಳ್ರಿ.”

“ನೀವ ಹೇಳಿದ್ರಿ, ಏನೂ ಆಗಂಗಿಲ್ಲ ಅಂತ,” ಎಂದೆ.

“ಹೇಳಿದ್ದೆ. ನನಗ ಹಂಗ ಅನ್ನಿಸಿತ್ತು. ಇಲ್ಲಾಂದ್ರ ನನ್ನ ಮುಖಕ್ಕ ಯಾಕ ಹಾಕೋತಿದ್ದೆ?”

ಬೇರೆ ಎಷ್ಟು ಜನಕ್ಕೆ ಹಾಕಿದ್ದಿರಿ ಎಂದು ಗಂಡ ಕೇಳಿದರು. ಅವನು ತಲೆ ಅಲ್ಲಾಡಿಸಿದ. ಈಗ ಹಾಕುವುದು ಬಿಟ್ಟಿದ್ದೇನೆ, ಹಲ್ಲು ಮಾತ್ರ ಕೀಳುತ್ತೇನೆ ಎಂದ. ಈ ಮುಖ ನೋಡಿ ಹಲ್ಲಿಗೂ ಜನ ಬರುವುದಿಲ್ಲ ಎಂದ. ಶಹಾಬಾದದ ರೈಲು ಬಂತು, ನಾವು ಹತ್ತಿದೆವು. ಆಮೇಲೆ ವಾಡಿಯಲ್ಲಿ ಅವನನ್ನು ನಾನು ಮತ್ತೆ ಕಾಣಲಿಲ್ಲ.

ಮದುವೆ ಮನೆಯಲ್ಲಿ ಅವ್ವ ನನ್ನ ಗಲ್ಲದ ಪಟ್ಟಿ ನೋಡಿ ಅತ್ತಳು. ಅಪ್ಪ ಅಳಲಿಲ್ಲ. “ಕೇಳಿದ್ದೆ ನಾ, ಮುಂದ ಏನರ ಆಗ್ತದೇನಂತ,” ಎಂದು ಮಾತ್ರ ಹೇಳಿದ. ಆ ಮಾತನ್ನು ಮುಂದೆಯೂ ಹಲವು ಸಲ ಹೇಳಿದ.

ದೀಪಾವಳಿ ರಜೆಯಲ್ಲಿ ಹೈದರಾಬಾದಿಗೆ ಹೋದೆವು. ದವಾಖಾನೆಯ ದೊಡ್ಡ ಸರ್ಜನ್ ಉರ್ದುವಿನಲ್ಲಿ ಮಾತಾಡಿದರು, ನನಗೂ ತಿಳಿಯುತ್ತಿತ್ತು. ಏನು ಹಾಕಿದ್ದಾರೆಂದು ಹೇಳಿದಾಗ ಅವರು ನಗಲಿಲ್ಲ. ಇಂಥವರನ್ನು ಮೊದಲೂ ನೋಡಿದ್ದೇನೆ ಎಂದರು. ಕಣ್ಣು ಮುಚ್ಚು, ಗಲ್ಲ ಉಬ್ಬಿಸು, ಹಲ್ಲು ತೋರಿಸು, ಸೀಟಿ ಊದು ಎಂದರು. ಸೀಟಿ ಊದಲು ನನಗೆ ಬರುತ್ತಿರಲಿಲ್ಲ. ಗಂಡ ಊದಿ ತೋರಿಸಿದರು, ನರ್ಸು ನಕ್ಕಳು.

ಸರ್ಜನ್ ಹೇಳಿದ್ದರ ತಾತ್ಪರ್ಯ ಇದು. ಹಾಕಿದ ಮೇಣ ಒಂದೇ ಕಡೆ ಮುದ್ದೆಯಾಗಿ ಉಳಿದಿಲ್ಲ. ಹನಿಹನಿಯಾಗಿ ಒಡೆದು ಮಾಂಸದ ಎಳೆಎಳೆಯಲ್ಲೂ ಹೊಕ್ಕಿದೆ. ಅದು ತನ್ನದಲ್ಲವೆಂದು ದೇಹಕ್ಕೆ ಗೊತ್ತು. ಆದರೆ ಹೊರಗೆ ಹಾಕಲು ಆಗುವುದಿಲ್ಲ, ಕರಗಿಸಲೂ ಆಗುವುದಿಲ್ಲ. ಅದಕ್ಕೇ ಪ್ರತಿ ಹನಿಯ ಸುತ್ತ ಗಟ್ಟಿ ಗೋಡೆ ಕಟ್ಟುತ್ತಿದೆ. ಆ ಗೋಡೆಗಳೇ ಗಂಟುಗಳು. ವರ್ಷಗಟ್ಟಲೆ ಸುಮ್ಮನಿದ್ದು ಯಾವಾಗ ಬೇಕಾದರೂ ಏಳಬಹುದು. ಎಲ್ಲ ತೆಗೆಯಬೇಕೆಂದರೆ ಗಲ್ಲವನ್ನೇ ತೆಗೆಯಬೇಕಾಗುತ್ತದೆ. ತುಟಿಯನ್ನು ಎತ್ತುವ ನರ ಆ ಗಂಟುಗಳ ನಡುವೆಯೇ ಹಾದುಹೋಗಿದೆ. ಅದು ತುಂಡಾದರೆ ಬಾಯಿ ಒಂದು ಕಡೆ ಜೋತುಬೀಳುತ್ತದೆ, ಕುಡಿದ ನೀರು ಸೋರುತ್ತದೆ.

ಶಾಯಿಯಲ್ಲಿ ನನ್ನ ಗಲ್ಲದ ಮೇಲೆ ಒಂದು ಗೆರೆ ಎಳೆದರು. ಗೆರೆಯ ಕೆಳಗಿನದನ್ನು, ಅಂದರೆ ದವಡೆಯ ಗಂಟು ಮತ್ತು ಮಾಯದ ಗಾಯವನ್ನು, ತೆಗೆಯಬಹುದು. ಮೇಲಿನದನ್ನು ಮುಟ್ಟಬಾರದು. ಏನೂ ಮಾಡದೆ ಹಾಗೇ ಬಿಡುವುದೂ ಒಂದು ದಾರಿ. ಆದರೆ ವರ್ಷಗಟ್ಟಲೆ ಮಾಯದ ಹುಣ್ಣು ಮುಂದೆ ಕೆಟ್ಟದ್ದಕ್ಕೆ ತಿರುಗಬಹುದು. ಹಾಗೆ ಹೇಳಿ, ಯೋಚನೆ ಮಾಡಿ ಬನ್ನಿ ಎಂದರು.

ಹೊರಗೆ ಬೇವಿನ ಗಿಡದ ಕೆಳಗೆ ಕೂತೆವು. ಮಗ ಮಣ್ಣಿನಲ್ಲಿ ಆಡುತ್ತಿದ್ದ.

“ನಿನಗ ಹ್ಯಾಂಗ ಅನಸ್ತದ?” ಎಂದು ಗಂಡ ಕೇಳಿದರು.

“ತುಟಿ ಜೋತುಬಿದ್ರ?”

“ಬಿದ್ರ ಬೀಳ್ಲಿ ಅಂತ ನಾ ಅನ್ನಂಗಿಲ್ಲ. ಮುಖ ನಿಂದದ.”

ಅವರು ಎಂದೂ ನನಗೆ ಹೀಗೆ ಮಾಡು ಎಂದು ಹೇಳಿದವರಲ್ಲ. ಕೆಲವು ಸಲ ಅದರಿಂದ ಬೇಸರವಾಗುತ್ತಿತ್ತು. ಆ ದಿನವೂ ಆಯಿತು. ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಎನಿಸಿತು. ವಾಡಿಗೆ ಹೋಗೋಣವೆಂದು ಹಟ ಹಿಡಿದಿದ್ದು ನೆನಪಾಗಿ, ಇದನ್ನೂ ನಾನೇ ಹೇಳಬೇಕು ಎಂದುಕೊಂಡೆ.

“ಗೆರಿ ಕೆಳಗಿಂದು ತೆಗೀಲಿ. ಮ್ಯಾಲಿಂದು ಇರ್ಲಿ,” ಎಂದೆ.

ಶಸ್ತ್ರಕ್ರಿಯೆ ಆಯಿತು. ಎಚ್ಚರವಾದಾಗ ತಲೆಯಿಂದ ಗದ್ದದ ತನಕ ಪಟ್ಟಿ ಸುತ್ತಿತ್ತು. ಪಟ್ಟಿ ಬಿಚ್ಚಿದ ದಿನ ನರ್ಸು ಕನ್ನಡಿ ಹಿಡಿದಳು. ದವಡೆಯ ಗುಂಟ ಕಿವಿಯ ಬುಡದ ತನಕ ಹೊಲಿಗೆ. ಗಂಟಿದ್ದಲ್ಲಿ ಹೊಸದೊಂದು ತಗ್ಗು, ಮೊದಲಿನ ಕುಳಿಗಿಂತ ಕೆಳಗೆ, ಅದಕ್ಕಿಂತ ಉದ್ದ. ಸರ್ಜನ್ ನಗು ಎಂದರು. ನಕ್ಕೆ. ಬಲತುಟಿ ಎದ್ದಿತು. ಎಡತುಟಿ ಸ್ವಲ್ಪ ತಡವಾಗಿ, ಅರ್ಧ ಎದ್ದಿತು. “ಇಷ್ಟಕ್ಕೇ ಉಳಿಯಿತಲ್ಲ,” ಎಂಬ ಅರ್ಥದ ಮಾತೇನೋ ಹೇಳಿ ಅವರು ಮುಂದಿನ ಮಂಚಕ್ಕೆ ಹೋದರು. ಹೋಗುವ ಮೊದಲು, ಉಳಿದದ್ದು ಒಳಗೆ ಇದ್ದೇ ಇರುತ್ತದೆ, ಹೊಸ ಗಂಟು ಎದ್ದರೆ ಅಥವಾ ಹುಣ್ಣು ಮಾಯದಿದ್ದರೆ ತಡಮಾಡದೆ ಬಾ, ಮನೆಮದ್ದು ಹಚ್ಚುತ್ತ ಕೂಡಬೇಡ ಎಂದು ಎಚ್ಚರಿಸಿದರು.

ಸೇಡಂಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಲ್ಲಿಸಿ ನನ್ನ ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. “ಒಣಗ್ಯದ,” ಎಂದರು. ಅವರಿಗೆ ಬೇಕಾದದ್ದು ಅಷ್ಟೇ.

ನಿಜಕ್ಕೂ ಒಣಗಿತು. ಕೆಲವು ತಿಂಗಳು ಎಡಗಡೆ ಜಗಿಯುವಾಗ ಅನ್ನ ಗಲ್ಲದೊಳಗೇ ಉಳಿಯುತ್ತಿತ್ತು, ನಾಲಗೆಯಿಂದ ತೆಗೆಯಬೇಕಿತ್ತು. ಗಾಯದ ಕೆಳಗೆ ಅಂಗೈಯಗಲ ಜಾಗ ಮರಗಟ್ಟಿತ್ತು, ಈಗಲೂ ಅಲ್ಲಿ ನೊಣ ಕೂತರೆ ಗೊತ್ತಾಗುವುದಿಲ್ಲ. ಗೆರೆಯ ಮೇಲಿನ ಗಂಟುಗಳು ಇದ್ದಲ್ಲೇ ಇವೆ. ಜ್ವರ ಬಂದಾಗ ಕೆಂಪಾಗುತ್ತವೆ.

ಆಮೇಲೆ ಗಂಡನಿಗೆ ಚಿಂಚೋಳಿಗೆ ವರ್ಗವಾಯಿತು, ಅತ್ತೆಯೂ ಜೊತೆಗೆ ಬಂದರು. ಹೈದರಾಬಾದ್ ರಾಜ್ಯ ಒಡೆದು ನಾವು ಮೈಸೂರು ರಾಜ್ಯಕ್ಕೆ ಸೇರುವ ಮಾತು ಎಲ್ಲ ಕಡೆ ನಡೆದಿದ್ದ ವರ್ಷ. ಕನ್ನಡ ಶಾಲೆಗಳು ಹೆಚ್ಚುತ್ತಿದ್ದವು, ಹುಡುಗಿಯರಿಗೆ ಕಲಿಸಲು ಹೆಂಗಸರು ಸಿಗುತ್ತಿರಲಿಲ್ಲ. ನಿಮ್ಮ ಮನೆಯವರಿಗೆ ಓದು ಬರಹ ಬರುತ್ತದಂತೆ ಎಂದು ಶಾಲೆಯ ತನಿಖೆಗೆ ಬಂದ ಸಾಹೇಬರು ಗಂಡನನ್ನು ಕೇಳಿದರು. ಈ ಸಲವೂ ಗಂಡ ಹೀಗೆ ಮಾಡು ಎನ್ನಲಿಲ್ಲ, ಮನೆಗೆ ಬಂದು ನನಗೆ ತಿಳಿಸಿದರು ಅಷ್ಟೆ. ಮಕ್ಕಳು ಮುಖ ನೋಡಿ ಹೆದರಿಯಾರು ಎಂದು ಎರಡು ದಿನ ಹಿಂಜರಿದೆ. ಅತ್ತೆಯೇ ಬೈದರು. “ಮುಖದಿಂದ ಕಲಿಸ್ತಾರೇನು? ಹೋಗು.” ಹೋದೆ.

ಮಕ್ಕಳು ಹೆದರಲಿಲ್ಲ. ಮೊದಲ ದಿನವೇ ಒಬ್ಬಳು ಏನಾಗಿದೆ ಎಂದು ಕೇಳಿದಳು, ಹೇಳಿದೆ, ಆಮೇಲೆ ಮಗ್ಗಿಗೆ ಹೋದೆವು.

ಅಲ್ಲಿ ನನ್ನ ತರಗತಿಯ ಹುಡುಗಿಯೊಬ್ಬಳಿಗೆ ಮೈಲಿಬೇನೆಯ ಕಲೆಗಳಿದ್ದವು. ಮುಖವೆಲ್ಲ ಸಣ್ಣ ಸಣ್ಣ ಕುಳಿ. ಓದಿನಲ್ಲಿ ಚುರುಕು. ಒಂದು ದಿನ ಶಾಲೆ ಬಿಟ್ಟ ಮೇಲೆ ಅವಳ ಅವ್ವ ಬಂದಳು. ತಾಂಡೂರಿನಲ್ಲಿ ಯಾರೋ ಇಂಜಕ್ಷನ್ ಹಾಕಿ ಮುಖ ಸಪಾಟು ಮಾಡುತ್ತಾರಂತೆ, ಮದುವೆಯ ವಯಸ್ಸಾಗುವ ಮೊದಲೇ ಹಾಕಿಸಿಬಿಡಬೇಕು ಅಂತ ಇದ್ದೇವೆ, ನಿಮಗೆ ಇದರದೆಲ್ಲ ಗೊತ್ತಂತೆ ಎಂದಳು.

ನಾನು ಉಪದೇಶ ಮಾಡಲಿಲ್ಲ. ಅವಳ ಕೈ ಹಿಡಿದು ಬಾಯಿಯ ಮೂಲೆಯ ಗಂಟಿನ ಮೇಲೆ ಇಟ್ಟೆ.

ಅವಳು ಒತ್ತಿದಳು, ಮತ್ತೆ ಒತ್ತಿದಳು. “ಇದು ಎಲುಬೇನ್ರಿ ಬಾಯಾರ?”

“ಅಲ್ಲ. ಅವರು ಹಾಕಿದ್ದು. ಮೊದಲ ಬೆಣ್ಣಿಯಂಗ ಇತ್ತು.”

“ತೆಗೀಲಿಕ್ಕಿ ಬರಂಗಿಲ್ಲೇನ್ರಿ?”

“ತೆಗೆದಷ್ಟು ತೆಗೆದಾರ. ಉಳಿದಿದ್ದು ಇರ್ತದ.”

“ಹಾಕಿಸಿಕೊಂಡಾಗ ಚಂದ ಕಾಣ್ತಿದ್ರೇನು?”

“ಭಾಳ ಚಂದ ಕಾಣ್ತಿದ್ದೆ,” ಎಂದೆ. ಅದನ್ನು ಮುಚ್ಚಿಟ್ಟು ಏನು ಪ್ರಯೋಜನ?

ಅವಳು ಮಗಳ ಕಡೆ ನೋಡಿದಳು. ಹುಡುಗಿ ಬಾಗಿಲ ಹತ್ತಿರ ಪಾಟಿಚೀಲ ಹಿಡಿದು ನಿಂತು ನಮ್ಮ ಮಾತನ್ನೆಲ್ಲ ಕೇಳಿಸಿಕೊಂಡಿದ್ದಳು. “ನನಗ ಬ್ಯಾಡವ್ವ,” ಎಂದಳು. ಅವ್ವ ಅವಳ ಕೈ ಹಿಡಿದುಕೊಂಡಳು. ಮನೆಯಲ್ಲಿ ಕೇಳುತ್ತೇನೆ ಎಂದು ನನಗೆ ಹೇಳಿ ಹೋದಳು. ಏನು ಕೇಳಿದರೋ, ಯಾರು ಏನು ಹೇಳಿದರೋ ತಿಳಿಯಲಿಲ್ಲ. ತಾಂಡೂರಿಗೆ ಮಾತ್ರ ಹೋಗಲಿಲ್ಲ. ಮುಂದಿನ ವಾರ ಬಿಸಿಲು ಹೆಚ್ಚಾಗಿ ಶಾಲೆ ಬೆಳಗಿನ ಹೊತ್ತಿಗೆ ಬದಲಾಯಿತು. ಆ ಹುಡುಗಿ ಎಲ್ಲರಿಗಿಂತ ಮೊದಲು ಬಂದು ಅಂಗಳ ಗುಡಿಸುತ್ತಿದ್ದಳು.